ಕೊನೆಯ ಗಾಡಿಯ ಕೋಲು

ಕೋಲನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಪಕ್ಕದ ಸೀಟಿನ ಕೆಳಗೆ ತಳ್ಳಿ, ಅದು ಕಾಣದ ಹಾಗೆ ಮುಂದೆ ಊಟದ ಡಬ್ಬಿಯ ಚೀಲ ಇಟ್ಟು, ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಮಾಳವಿಕಾ ಗಾಡಿ ಹೊರಡಿಸಿದಳು. ಇಪ್ಪತ್ತು ದಿನದಿಂದ ಹೀಗೆ ಅಂದುಕೊಳ್ಳುತ್ತಲೇ ಇದ್ದಳು. ಅಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಮಲಗುವ ಮುಂಚೆ ನಾಳೆ ಹೇಳುತ್ತೇನೆ ಎಂದುಕೊಂಡರೆ ಎದೆಯ ಭಾರ ಸ್ವಲ್ಪ ಇಳಿದು ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಎದ್ದು ಸುಂಟಿಕೊಪ್ಪದ ಸುತ್ತುದಾರಿ ಹಿಡಿದು ಮಾದಾಪುರದ ಶಾಲೆಗೆ ಹೋದರೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ನಿನ್ನೆ ದೇವಸ್ಥಾನದ ಬೆಳಗಿನ ಪೂಜೆ ಮುಗಿಸಿ ಬಂದ ಗಂಡ ಗಜಾನನ ಕಾಫಿ ಕುಡಿಯುತ್ತ, "ಎಂತಕ್ಕೆ ದಿನಾ ಸುತ್ತಿ ಹೋಗೋದು ನೀನು? ಆ ರಸ್ತೆ ಬಿಟ್ಟು ಮೂರು ವಾರ ಆಗ್ತಾ ಬಂತಲ್ಲ," ಎಂದಿದ್ದ. ಧೂಳು ಎಂದಿದ್ದಳು. ಹೋದ ವಾರ ಗಾಡಿ ಒರೆಸುವಾಗ ಡಿಕ್ಕಿಯಲ್ಲಿ ಅವನಿಗೆ ಕೋಲು ಸಿಕ್ಕಿತ್ತು. "ಇದೆಂತ ಇದು?" ಎಂದು ಎತ್ತಿ ಹಿಡಿದು ಕೇಳಿದಾಗ ಅವಳ ಬಾಯಿಯಿಂದ ತಡವರಿಸದೆ ಬಂದ ಮಾತು, "ಸ್ಪೋರ್ಟ್ಸ್ ಡೇಗೆ. ರಿಲೇ ಓಟಕ್ಕೆ." ಅವನು ತಲೆಯಾಡಿಸಿ ಅದನ್ನು ಇದ್ದಲ್ಲೇ ಇಟ್ಟಿದ್ದ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಅವಳಿಗೆ ನಲವತ್ತಾರು ವರ್ಷ ಗೊತ್ತೇ ಇರಲಿಲ್ಲ.

ಆ ರಸ್ತೆಯಲ್ಲಿ ಗುಡ್ಡ ಜರಿದು ಅರ್ಧ ಭಾಗ ಕೆಳಗಿನ ಕಣಿವೆಗೆ ಹೋಗಿ ಎರಡು ಮಳೆಗಾಲ ಕಳೆದಿತ್ತು. ಈಗ ತಡೆಗೋಡೆ ಕಟ್ಟುತ್ತಿದ್ದರು. ಅರ್ಧ ಮೈಲಿಯಷ್ಟು ದೂರ ಒಂದೇ ಗಾಡಿ ಹಿಡಿಸುವ ದಾರಿ, ನಡುವೆ ಎರಡು ತಿರುವು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅದಕ್ಕೇ ಈ ಕೋಲು. ಮೊಳದುದ್ದದ ಕಾಫಿ ಗಿಡದ ಕೋಲು, ತುದಿಗೆ ಕೆಂಪು ಟವೆಲಿನ ಚೂರು. ಮಡಿಕೇರಿ ಕಡೆಯ ತುದಿಯಲ್ಲಿ ಸಿದ್ದಿ ಎಂಬ ಹೆಂಗಸು, ಮಾದಾಪುರದ ಕಡೆಯ ತುದಿಯಲ್ಲಿ ಅವಳ ಗಂಡ ಕೆಂಚ. ಸಿದ್ದಿ ಈ ಕಡೆ ನಿಂತ ಗಾಡಿಗಳನ್ನೆಲ್ಲ ಬಿಟ್ಟು, ಕೊನೆಯ ಗಾಡಿಯವರ ಕೈಗೆ ಕೋಲು ಕೊಡುವಳು. ಅವರು ಅದನ್ನು ಆಚೆ ತುದಿಯಲ್ಲಿ ಕೆಂಚನಿಗೆ ಕೊಟ್ಟರೆ ದಾರಿ ಖಾಲಿಯಾಯಿತೆಂದು ಅರ್ಥ. ಆಮೇಲೆ ಅವನು ತನ್ನ ಕಡೆಯ ಗಾಡಿಗಳನ್ನು ಬಿಟ್ಟು, ಕೊನೆಯವರ ಕೈಯಲ್ಲಿ ಕೋಲನ್ನು ಹೆಂಡತಿಗೆ ವಾಪಸು ಕಳಿಸುವನು. ಕೋಲು ಕೈಗೆ ಬಾರದೆ ಇಬ್ಬರೂ ಒಂದು ಸೈಕಲ್ಲನ್ನೂ ಬಿಡುತ್ತಿರಲಿಲ್ಲ. ದಿನಕ್ಕೆ ನಲವತ್ತು ಐವತ್ತು ಸಲ, ಯಾರ್‍ಯಾರೋ ಅಪರಿಚಿತರ ಕೈಯಲ್ಲಿ, ಗಂಡಹೆಂಡಿರ ನಡುವೆ ಆ ಕೋಲು ಓಡಾಡುತ್ತಿತ್ತು. ಮಾಳವಿಕಾ ಮೊದಲ ಸಲ ಅದನ್ನು ಹಿಡಿದಾಗ ಚಂದವೆನ್ನಿಸಿತ್ತು. ಏಳನೆಯ ತರಗತಿಯವರಿಗೆ ಅದರ ಮೇಲೆ ಒಂದು ಲೆಕ್ಕವನ್ನೂ ಮಾಡಿ ಕೊಟ್ಟಿದ್ದಳು: ಈ ಕಡೆ ಆರು ಗಾಡಿ, ಆ ಕಡೆ ಒಂಬತ್ತು, ಕೋಲು ಒಂದೇ.

ಮಂಜು ಬಿಟ್ಟು ಬಿಸಿಲು ಬಿದ್ದಿತ್ತು. ರಸ್ತೆಯ ಎರಡೂ ಬದಿಯ ತೋಟಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿತ್ತು. ಹಣ್ಣು ತುಂಬಿದ ಚೀಲಗಳು ಗೇಟಿನ ಹತ್ತಿರ ಸಾಲಾಗಿ ಕೂತಿದ್ದವು. ಕೆಂಚನ ಮೇಲೆ ಅವಳಿಗೆ ಸಿಟ್ಟಿತ್ತು ಎಂಬುದು ಈಗ ನೆನೆದರೆ ಎಷ್ಟು ಸಣ್ಣತನ. ಆದರೆ ಇತ್ತು. ಕೋಲು ಗಾಡಿಯಲ್ಲೇ ಉಳಿದ ಆ ದಿನಕ್ಕೆ ಹಿಂದಿನ ದಿನ, ಅವಳು ಆಚೆ ತುದಿ ದಾಟುವಾಗ, ಗೋಡೆಗೆ ಕಲ್ಲು ಹೊತ್ತು ದಾಟುತ್ತಿದ್ದ ಹೆಂಗಸರನ್ನು ನೋಡಿಯೂ ಅವಳು ಬ್ರೇಕು ಮುಟ್ಟಿರಲಿಲ್ಲ. ಕೆಂಚ ಗಾಡಿಯ ಹಿಂಭಾಗಕ್ಕೆ ಅಂಗೈಯಿಂದ ಫಟ್ಟೆಂದು ಹೊಡೆದು, "ನಿಧಾನ ಮೇಡಂ, ನಿಧಾನ. ಜನ ಇದ್ದಾರೆ ಇಲ್ಲಿ. ಕಲ್ಲಲ್ಲ, ಜನ," ಎಂದಿದ್ದ. ಎದುರಿಗೆ ನಿಂತ ಬಸ್ಸಿನ ಕಿಟಕಿಯಲ್ಲಿ, ಮಡಿಕೇರಿಯ ಕಾಲೇಜಿಗೆ ಹೊರಟ, ಅವಳ ಕೈಯಲ್ಲೇ ಕಲಿತ ಮಕ್ಕಳಿದ್ದರು. ಯಾರೋ ಕಿಸಕ್ಕೆಂದರು. ಇಡೀ ದಿನ ಆ ಫಟ್ಟೆಂಬ ಸದ್ದು ಅವಳ ಬೆನ್ನಿನ ಮೇಲೇ ಬಿದ್ದ ಹಾಗಿತ್ತು. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ತರಗತಿಯಲ್ಲಿ ಭಿನ್ನರಾಶಿ ಬರೆಯುತ್ತ ಬರೆಯುತ್ತ ಕುದಿದಳು. ಹೇಳಿದ್ದು ಸರಿಯೇ ಇತ್ತು ಎಂಬುದು ಆ ಕುದಿತವನ್ನು ಇನ್ನಷ್ಟು ಹೆಚ್ಚಿಸಿತು. ನಾಳೆಯಿಂದ ಅವನ ಮುಖ ನೋಡಬಾರದು ಎಂದು ತೀರ್ಮಾನ ಮಾಡಿಕೊಂಡಳು. ದೊಡ್ಡ ತೀರ್ಮಾನ! ಮರುದಿನ ಸಿದ್ದಿ ಕೊನೆಯ ಗಾಡಿ ಎಂದು ಇವಳ ಕೈಗೆ ಕೋಲು ಕೊಟ್ಟಳು. ಇವಳು ಅದನ್ನು ಪಕ್ಕದ ಸೀಟಿನ ಮೇಲೆ ಹಾಕಿ, ಧೂಳೆಂದು ಗ್ಲಾಸು ಏರಿಸಿ, ಹೆಡ್‌ಮಾಸ್ಟರರು ಹಾಜರಿ ಪುಸ್ತಕವನ್ನು ಮುಚ್ಚುವ ಹೊತ್ತನ್ನೇ ಯೋಚಿಸುತ್ತ ಬಂದಳು. ಆಚೆ ತುದಿಯಲ್ಲಿ ಕೆಂಚ ಕೈ ಚಾಚಿ ಮುಂದೆ ಬಂದ. ಮತ್ತೆ ನಿಧಾನ ಎನ್ನಲು ಬಂದ ಎಂದುಕೊಂಡಳು. ಕತ್ತು ನೆಟ್ಟಗೆ ಮಾಡಿ, ಎದುರಿನ ರಸ್ತೆಯನ್ನೇ ನೋಡುತ್ತ ದಾಟಿಬಿಟ್ಟಳು. ಕನ್ನಡಿಯಲ್ಲಿ ಅವನು ಕೈ ಎತ್ತಿಕೊಂಡು ಓಡಿಬರುವುದು ಕಂಡಿತು. ಬಾಯಿ ಆಡುತ್ತಿತ್ತು, ಗ್ಲಾಸು ಮುಚ್ಚಿದ್ದರಿಂದ ಸದ್ದಿರಲಿಲ್ಲ. ಓಡಲಿ ಎಂದುಕೊಂಡಳು. ಆಕ್ಸಿಲರೇಟರ್ ಒತ್ತಿದಳು.

ಅಲ್ಲಿಗೇ ಮುಗಿದಿದ್ದರೆ ಅದು ಮರೆವು. ಮರೆವಿಗೆ ಯಾರಾದರೂ ಕ್ಷಮೆ ಕೊಟ್ಟಾರು. ಆದರೆ ಮಾದಾಪುರದ ಪೇಟೆಗೆ ಇಳಿಯುವ ತಿರುವಿನಲ್ಲಿ ಕೋಲು ಸೀಟಿನಿಂದ ಉರುಳಿ ಗೇರಿನ ಮೇಲೆ ಬಿತ್ತು. ಹಿಂದಿರುಗಿದರೆ ಹತ್ತು ನಿಮಿಷದ ದಾರಿ. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದದ್ದೂ ಹೌದು, ಇಂಡಿಕೇಟರ್ ಹಾಕಿದ್ದೂ ಹೌದು. ಆಮೇಲೆ, ಹೇಗೋ ಮಾಡಿಕೊಳ್ಳುತ್ತಾರೆ ಎಂದಿತು ಮನಸ್ಸು. ಬೇರೆ ಕೋಲು ಕಡಿದುಕೊಳ್ಳುತ್ತಾರೆ, ಕಾಡಿನಲ್ಲಿ ಕೋಲಿಗೇನು ಬರ. ಮತ್ತೆ ಅವನ ಮುಂದೆ ಹೋಗಿ ಗ್ಲಾಸು ಇಳಿಸಿ, ತಪ್ಪಾಯ್ತು ಎಂದು ಕೋಲು ಚಾಚುವುದೇ? ನಿನ್ನೆಯ ಹಾಗೆ ಬಸ್ಸಿನ ಮಕ್ಕಳು ಅಲ್ಲೇ ಕಾಯುತ್ತಿದ್ದರೆ? ಇಂಡಿಕೇಟರ್ ಆರಿಸಿದಳು. ಅಷ್ಟು ಹೊತ್ತಿನಲ್ಲಿ ಅಲ್ಲಿ ಏನೇನಾಯಿತೆಂದು ಸಂಜೆ ಸ್ಟಾಫ್ ರೂಮಿನಲ್ಲಿ ಗೊತ್ತಾಯಿತು. ಕೋಲು ಬಂದಿಲ್ಲ ಎನ್ನುತ್ತ ಕೆಂಚ ಗಾಡಿ ಬಿಡಲಿಲ್ಲ. ಜನ ಹಾರನ್ ಹೊಡೆದರು, ಬೈದರು. ಕಾಲು ಗಂಟೆ ನೋಡಿ, ಹೆಂಡತಿಗೆ ಹೇಳಿ ಬರುತ್ತೇನೆಂದು ಅವನು ಒಳಗೆ ನಡೆದುಕೊಂಡು ಹೊರಟ. ಆ ಕಡೆ ಸಿದ್ದಿಯ ಹತ್ತಿರವೂ ಗಾಡಿಗಳು ಸೇರಿ, ಎದುರಿನಿಂದ ಏನೂ ಬರುತ್ತಿಲ್ಲ, ದಾರಿ ಖಾಲಿಯೇ ಇದೆ ಎಂದು ಒಂದು ಟೂರಿಸ್ಟ್ ವ್ಯಾನು ಅವಳನ್ನು ಪಕ್ಕಕ್ಕೆ ಸರಿಸಿ ನುಗ್ಗಿತು. ಎರಡನೆಯ ತಿರುವಿನಲ್ಲಿ ಅರ್ಧ ಎದ್ದ ತಡೆಗೋಡೆಗೂ ವ್ಯಾನಿಗೂ ನಡುವೆ ಕೆಂಚ ಸಿಕ್ಕಿಕೊಂಡ. ಆಸ್ಪತ್ರೆಯವರೆಗೆ ಜೀವ ಇರಲಿಲ್ಲ.

ಆ ವಾರವೇ ಹೆಡ್‌ಮಾಸ್ಟರರು, "ಆ ರಸ್ತೇಲಿ ದಿನಾ ಬರೋರು ನೀವೇ ಅಲ್ವಾ ಮೇಡಂ, ಮಕ್ಕಳಿಗೆ ಎರಡು ಮಾತು ಹೇಳಿ," ಎಂದು ಪ್ರಾರ್ಥನೆಯಲ್ಲಿ ಅವಳನ್ನೇ ನಿಲ್ಲಿಸಿದರು. ಅವಳು ಹೇಳಿದಳು. ರಸ್ತೆಯಲ್ಲಿ ಕೆಲಸ ಮಾಡುವವರನ್ನು ಕಂಡರೆ ಗಾಡಿಯ ವೇಗ ಇಳಿಸಬೇಕು, ಗ್ಲಾಸು ಇಳಿಸಬೇಕು, ಅವರು ಕೈ ತೋರಿಸಿದರೆ ನಿಲ್ಲಬೇಕು, ಅವರ ಮುಖ ನೋಡಬೇಕು. ಆಂಬುಲೆನ್ಸ್ ನಿಂತಿದ್ದರೆ, ಬಿದ್ದ ಮರ ತೆಗೆಯುವವರಿದ್ದರೆ, ಲೈನ್‌ಮನ್ ಕಂಬದ ಮೇಲಿದ್ದರೆ, ಆ ಜಾಗ ಅವರ ಮನೆಯೆಂದು ತಿಳಿದು ಮೆಲ್ಲಗೆ ದಾಟಬೇಕು. ಚೆನ್ನಾಗಿ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ವಾಂತಿ ಮಾಡಿಕೊಂಡಳು.

ಈಗ ಸಿದ್ದಿಯ ತುದಿ ಬಂತು. ಮುಂದೆ ನಾಲ್ಕು ಗಾಡಿ ನಿಂತಿದ್ದವು, ಹಿಂದೆ ಯಾರೂ ಇರಲಿಲ್ಲ. ತಾನೇ ಕೊನೆಯ ಗಾಡಿ ಎಂದು ಗೊತ್ತಾಯಿತು. ಸಿದ್ದಿ ಇರಲಾರಳು, ಬೇರೆ ಯಾರನ್ನಾದರೂ ಹಾಕಿರುತ್ತಾರೆ ಎಂಬ ಆಸೆಯೊಂದು ಒಳಗೆ ಇತ್ತೆಂದು ಅವಳನ್ನು ಕಂಡ ಮೇಲೆ ತಿಳಿಯಿತು. ಕಿತ್ತಳೆ ಬಣ್ಣದ ಅದೇ ಜಾಕೆಟ್ಟು. ಹಣೆ ಬರಿದಾಗಿತ್ತು. ಮೊದಲು ಗಾಡಿಗಳ ನಡುವೆ ಚುರುಕಾಗಿ ಓಡಾಡುತ್ತಿದ್ದವಳು ಈಗ ಒಂದೊಂದು ಗಾಡಿಯ ಹತ್ತಿರವೂ ನಿಂತು, ಮುಟ್ಟಿ, ಎಣಿಸಿಕೊಂಡು ಬರುತ್ತಿದ್ದಳು. ಮಾಳವಿಕಾ ಗ್ಲಾಸು ಇಳಿಸಿದಳು. ಈ ಸಲ ಪೂರ್ತಿ ಇಳಿಸಿದಳು.

"ಕೆಲಸಕ್ಕೆ ಬಂದ್ಯಾ ಸಿದ್ದಿ?"

"ಬಂದೆ ಮೇಡಂ. ತೋಟದ ಲೈನ್ ಮನೇಲಿ ಕೂತ್ರೆ ತಲೆ ಕೆಡ್ತದೆ. ಸೂಪರ್‌ವೈಸರ್ ನಾಗರಾಜಣ್ಣ ಬೇಡ ಅಂದ್ರು ಮೊದ್ಲು. ಆಮೇಲೆ ಜನ ಸಿಗ್ಲಿಲ್ಲ. ಎಲ್ಲ ಪಿಕಿಂಗಿಗೆ ಹೋಗಿದ್ದಾರಲ್ಲ." ಅವಳು ಗಾಡಿಯ ಬಾಗಿಲ ಮೇಲೆ ಕೈ ಇಟ್ಟಳು. "ನೀವು ಕಾಣ್ಲೇ ಇಲ್ಲ ಮೇಡಂ ಇಷ್ಟು ದಿನ. ಹುಷಾರಿರ್ಲಿಲ್ವಾ?"

ತನ್ನನ್ನು ಇವಳು ಹುಡುಕಿದ್ದಾಳೆ. ಮಾಳವಿಕಾಳ ಕೈ ಸೀಟಿನ ಕಡೆ ಇಳಿಯಿತು. ಚೀಲದ ಹಿಂದೆ ಪೇಪರು ಬೆರಳಿಗೆ ತಾಗಿತು. "ಸಿದ್ದಿ, ನಾನೊಂದು ಮಾತು..." ಎಂದಳು. "ಅವತ್ತು, ಆ ಕೋಲು..."

"ಅದನ್ನೇ ಎಲ್ರೂ ಕೇಳೋದು ಮೇಡಂ." ಸಿದ್ದಿ ಬೇಸರವಿಲ್ಲದೆ, ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಪೊಲೀಸೂ ಅದೇ, ನಾಗರಾಜಣ್ಣನೂ ಅದೇ. ಕೋಲು ಕೊಟ್ಯಾ, ಯಾವ ಗಾಡಿಗೆ ಕೊಟ್ಟೆ ಅಂತ. ಕೊಟ್ಟೆ ಅಂತ ಕಾಣ್ತದೆ ನಂಗೆ. ಯಾವ್ದೋ ಬಿಳಿ ಗಾಡಿ. ಬಿಳಿ ಗಾಡಿ ಎಷ್ಟಿಲ್ಲ? ದಿನಾ ಕೊಟ್ಟೂ ಕೊಟ್ಟೂ, ಅವತ್ತು ಕೊಟ್ಟದ್ದಾ ಅದ್ರ ಹಿಂದಿನ ದಿನ ಕೊಟ್ಟದ್ದಾ ಗೊತ್ತಾಗೋದಿಲ್ಲ. ಎಷ್ಟು ಹುಡುಕಿದ್ರೂ ಕೋಲು ಸಿಗ್ಲಿಲ್ಲ. ನಾನೇ ಎಲ್ಲೋ ಬೀಳಿಸಿರ್ಬೇಕು."

"ಇಲ್ಲ, ನೀನು..."

"ಕೆಲವ್ರು ನಮ್ಮನೆಯವ್ರು ಕುಡ್ದಿದ್ರು ಅಂತಾರೆ. ಕೋಲು ಬಂದಿತ್ತು, ಅಮಲಲ್ಲಿ ಎಲ್ಲೋ ಇಟ್ಟು ಒಳಗೆ ನಡ್ದ ಅಂತಾರೆ. ಅದನ್ನ ಮಾತ್ರ ನಾನು ಒಪ್ಪೋದಿಲ್ಲ ಮೇಡಂ. ಕೆಲಸದ ಹೊತ್ತಲ್ಲಿ ಅವ್ರು ಬಾಯಿಗೆ ಹಾಕಿದವ್ರಲ್ಲ. ಕೋಲು ಕೈಗೆ ಬಂದಿದ್ರೆ ಅವ್ರು ಅಲ್ಲಿಂದ ಕದಲ್ತಿರ್ಲಿಲ್ಲ. ತಪ್ಪು ನಂದೇ ಇರ್ಲಿ. ಅವ್ರದ್ದು ಮಾತ್ರ ಅಲ್ಲ." ಸಿದ್ದಿಯ ಮುಖದಲ್ಲಿ ಅಳುವಿರಲಿಲ್ಲ. ಬಿಗಿಹಿಡಿದು ಉಳಿಸಿಕೊಂಡ ಒಂದು ಹಟ ಇತ್ತು. ಬೆರಳೆತ್ತಿ ಕಣಿವೆಯಾಚೆ ತೋರಿಸಿದಳು. ಆಚೆ ತುದಿಯ ಗುಡಿಸಲು ದಾಟಿ ಸ್ವಲ್ಪ ಮುಂದೆ, ಮರ ಕಡಿದ ಜಾಗದಲ್ಲಿ, ರಸ್ತೆಯ ಒಂದು ತುಂಡು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. "ಬುತ್ತಿ ಹೊತ್ತಲ್ಲಿ ಅಲ್ಲಿಗೆ ಬಂದು ಟವೆಲ್ ಬೀಸೋರು. ಅದ್ನ ನೋಡಿ ನಾನೂ ಡಬ್ಬಿ ತೆಗೀತಿದ್ದೆ. ಈಗ್ಲೂ ಆ ಹೊತ್ತಿಗೆ ಕಣ್ಣು ಅಲ್ಲಿಗೇ ಹೋಗ್ತದೆ."

ಮುಂದಿನ ಗಾಡಿಗಳು ಹೊರಟಿದ್ದವು. ಸಿದ್ದಿ ಕಂಕುಳಿನಿಂದ ಹೊಸ ಕೋಲು ತೆಗೆದಳು. ಇದಕ್ಕೆ ಪ್ಲಾಸ್ಟಿಕ್ಕಿನ ಕೆಂಪು ಪಟ್ಟಿ ಸುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಕಿಟಕಿಯೊಳಗೆ ಚಾಚಿದಳು. "ನೀವೇ ಕಡೇ ಗಾಡಿ. ಆ ಕಡೆ ಸಣ್ಣಸ್ವಾಮಿ ಇದ್ದಾನೆ, ಅವ್ನ ಕೈಗೇ ಕೊಡಿ. ಮರೀಬೇಡಿ ಮೇಡಂ," ಎಂದಳು. ಸಂಶಯವಿಲ್ಲದ ಮಾತು, ಈಗ ಅದನ್ನು ಎಲ್ಲರಿಗೂ ಹೇಳುತ್ತಿರಬೇಕು. ಮಾಳವಿಕಾ ಹೊಸ ಕೋಲು ತೆಗೆದುಕೊಂಡಳು. ಹಳೆಯದು ಪಕ್ಕದ ಸೀಟಿನ ಕೆಳಗೇ ಇತ್ತು. ಬಾಯಿ ತೆರೆದರೆ ಸಾಕಿತ್ತು. ಬಾಯಿಗೆ ಬಂದದ್ದು, "ಆಯ್ತು ಸಿದ್ದಿ."

ಒಂಟಿ ದಾರಿಯಲ್ಲಿ ಗಾಡಿ ನಡೆಯುವ ಹೆಜ್ಜೆಯಷ್ಟೇ ಮೆಲ್ಲಗೆ ಹೋಯಿತು. ಗೋಡೆಯ ಕೆಲಸದ ಹೆಂಗಸರು ತಲೆಯ ಮೇಲೆ ಬಾಂಡಲಿ ಹೊತ್ತು ಬದಿಗೆ ಸರಿದು, ಇಷ್ಟು ನಿಧಾನ ಹೋಗುವ ಇವಳನ್ನು ಸೋಜಿಗದಿಂದ ನೋಡಿದರು. ಎರಡನೆಯ ತಿರುವಿನಲ್ಲಿ ಗೋಡೆ ಈಗ ಪೂರ್ತಿ ಎದ್ದಿತ್ತು. ಕಲ್ಲುಗಳ ನಡುವಿನ ಗಾರೆ ಇನ್ನೂ ಹಸಿಯಾಗಿತ್ತು. ಯಾವ ಗುರುತೂ ಉಳಿದಿರಲಿಲ್ಲ. ಇಲ್ಲಿ ನಿಲ್ಲಿಸಿ ಹಿಂದಕ್ಕೆ ನಡೆದು ಹೋಗಿ ಸಿದ್ದಿಯ ಕಾಲು ಹಿಡಿಯಬಹುದು ಎಂದುಕೊಂಡಳು. ಕಾಲು ಹಿಡಿದರೆ ಅವಳು ಪೊಲೀಸಿಗೆ ಹೇಳುತ್ತಾಳೆ. ಹೇಳಬೇಕಾದ್ದೇ. ಆಮೇಲೆ ಶಾಲೆ, ದೇವಸ್ಥಾನದ ಬೀದಿ, ಗಜಾನನನ ಮುಖ. ತಾನು ಹೆದರುವುದು ಜೈಲಿಗಲ್ಲ, ಮುಖಗಳಿಗೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆಗಲೇ ಆ ಇನ್ನೊಂದು ಯೋಚನೆ ಬಂತು, ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಯಾರೋ ಹೇಳಿಕೊಟ್ಟ ಹಾಗಿತ್ತು. ಹಳೆಯ ಕೋಲು ಕೆಂಚನ ಗುಡಿಸಲಿನಲ್ಲಿ ಸಿಕ್ಕರೆ? ಸಿದ್ದಿ ಕೋಲು ಕೊಟ್ಟದ್ದು ನಿಜವೆಂದು ಊರಿಗೇ ಗೊತ್ತಾಗುತ್ತದೆ. ನಾಗರಾಜು ಅವಳನ್ನು ಬೈಯುವಂತಿಲ್ಲ. ಎಲ್ಲಿ ಬೀಳಿಸಿದೆನೋ ಎಂದು ಅವಳು ಕೊರಗುವುದೂ ತಪ್ಪುತ್ತದೆ. ಇಪ್ಪತ್ತು ದಿನದಲ್ಲಿ ಮೊದಲ ಸಲ ಅವಳಿಗೆ ಉಸಿರು ಸರಾಗವಾಯಿತು. ಒಳ್ಳೆಯದೊಂದನ್ನು ಮಾಡುತ್ತಿದ್ದೇನೆ ಎಂದುಕೊಂಡಳು. ಸಿದ್ದಿಗೋಸ್ಕರ ಎಂದುಕೊಂಡಳು.

ಸಣ್ಣಸ್ವಾಮಿ ಕುಳ್ಳಗಿನ ಮುದುಕ. ಕೋಲು ಕೊಟ್ಟಾಗ ನಮಸ್ಕಾರ ಮಾಡಿ ತೆಗೆದುಕೊಂಡ. ಗಾಡಿಯನ್ನು ಗುಡಿಸಲಿನ ಪಕ್ಕ ನಿಲ್ಲಿಸಿ, ಕುಡಿಯಲು ನೀರಿದೆಯೇ ಎಂದು ಕೇಳಿದಳು. ಕೊಡದಲ್ಲಿ ಇದೆ, ಒಳಗೆ ಲೋಟ ಇದೆ ಎಂದು ಹೇಳಿ ಅವನು ಗಾಡಿಗಳನ್ನು ಬಿಡಲು ಹೋದ. ಗುಡಿಸಲು ಎಂದರೆ ನಾಲ್ಕು ಕಂಬ, ಮೇಲೆ ನೀಲಿ ಟಾರ್ಪಾಲು. ಒಂದು ಗೂಟಕ್ಕೆ ಕೆಂಚನ ಕೆಂಪು ಟವೆಲು ಹಾಗೇ ತೂಗುತ್ತಿತ್ತು, ಒಂದು ಮೂಲೆ ಹರಿದಿತ್ತು. ಆ ಹರಿದ ಮೂಲೆ ತನ್ನ ಕೈಯ ಕೋಲಿನ ತುದಿಯಲ್ಲಿತ್ತು. ಪೇಪರು ಬಿಚ್ಚಿ ಸೆರಗಿನ ಮರೆಯಲ್ಲಿ ತಂದದ್ದನ್ನು ಸಿಮೆಂಟಿನ ಖಾಲಿ ಚೀಲಗಳ ಹಿಂದೆ, ತುದಿ ಮಾತ್ರ ಕಾಣುವ ಹಾಗೆ ಇಟ್ಟಳು. ನೀರು ಕುಡಿಯಲಿಲ್ಲ. ಗಾಡಿಗೆ ಬಂದು ಕೂತಳು. ಅಷ್ಟಕ್ಕೆ ಹೊರಟುಹೋಗಿದ್ದರೆ ಮುಂದಿನದನ್ನು ಕೇಳಬೇಕಾಗಿರಲಿಲ್ಲ. ಆದರೆ ಸಿಗುತ್ತದೋ ಇಲ್ಲವೋ ನೋಡಬೇಕೆನ್ನಿಸಿತು.

ಕೊನೆಯ ಗಾಡಿ ಹಣ್ಣಿನ ಚೀಲ ಹೇರಿದ ಒಂದು ಪಿಕಪ್ಪು. ಅದನ್ನು ನಿಲ್ಲಿಸಿ ಸಣ್ಣಸ್ವಾಮಿ ಎಲೆಅಡಿಕೆ ತೆಗೆದುಕೊಳ್ಳಲು ಗುಡಿಸಲಿಗೆ ಬಂದವನು ಅಲ್ಲೇ ನಿಂತ. ಬಗ್ಗಿ ಕೋಲು ಎತ್ತಿದ. ಟವೆಲಿನ ಹರಿದ ಮೂಲೆಗೆ ಅದರ ಚೂರನ್ನು ಹಿಡಿದು ನೋಡಿದ.

"ಅಯ್ಯೋ ದೇವ್ರೇ," ಎಂದ ಪಿಕಪ್ಪಿನ ಡ್ರೈವರಿಗೆ ಕೇಳುವ ಹಾಗೆ. "ಕೋಲು ಇಲ್ಲೇ ಇತ್ತಲ್ಲ ಮಾರಾಯ. ಕೆಂಚನ ಕೈಗೆ ಬಂದಿತ್ತು. ಇಲ್ಲಿ ಚೀಲದ ಹಿಂದೆ ಹಾಕಿ ನಡ್ದಿದ್ದಾನೆ, ಇಷ್ಟು ದಿನ ಯಾರ ಕಣ್ಣಿಗೂ ಬೀಳ್ಲಿಲ್ಲ."

"ಕುಡ್ದಿದ್ದ ಅಂದ್ರಲ್ಲ ಅವತ್ತೇ," ಎಂದ ಡ್ರೈವರು.

"ಹೌದು ಕಾಣ್ತದೆ. ನಾನು ನಂಬಿರ್ಲಿಲ್ಲ. ಪಾಪ ಆ ಹೆಂಗಸಿನ ತಲೆಗೆ ಕಟ್ಟಿದ್ರು." ಸಣ್ಣಸ್ವಾಮಿ ಎರಡೂ ಕೋಲನ್ನು ಡ್ರೈವರಿನ ಕೈಗೆ ಕೊಟ್ಟ. "ಎರಡನ್ನೂ ಸಿದ್ದಿಗೆ ಕೊಡು. ಕೋಲು ಕೆಂಚನ ಹತ್ರನೇ ಇತ್ತು, ನಿಂದೇನೂ ತಪ್ಪಿಲ್ಲ ಅಂತ ಹೇಳು. ಸಮಾಧಾನ ಆಗ್ಲಿ."

ಇಷ್ಟು ಸುಲಭದ ಲೆಕ್ಕ. ಇಬ್ಬರಲ್ಲಿ ಒಬ್ಬಳು ಅಲ್ಲವೆಂದರೆ ಉಳಿದವನು ಯಾರು ಎಂದು ಏಳನೆಯ ತರಗತಿಯ ಮಕ್ಕಳೂ ಹೇಳುತ್ತಿದ್ದರು. ಮೂರನೆಯವಳೊಬ್ಬಳು ಇದ್ದಾಳೆಂದು ಹೇಳದ ಹೊರತು ಉತ್ತರ ಅದೇ. ಮಾಳವಿಕಾ ಗಾಡಿಯಿಂದ ಇಳಿದಳು. ಪಿಕಪ್ಪು ಇನ್ನೂ ಹೊರಟಿರಲಿಲ್ಲ. ಡ್ರೈವರು ಕೋಲುಗಳನ್ನು ಮುಂದಿನ ಗಾಜಿನ ಬಳಿ ಇಡುತ್ತಿದ್ದ. ಹತ್ತು ಹೆಜ್ಜೆ. ಸಣ್ಣಸ್ವಾಮಿ ಅವಳ ಕಡೆ ತಿರುಗಿದ.

"ಎಂತ ಮೇಡಂ?"

"ಟೈಮ್ ಎಷ್ಟಾಯ್ತು?" ಎಂದಳು. ಅವಳ ಕೈಯಲ್ಲಿ ವಾಚಿತ್ತು. ಅವನು ಅದನ್ನು ನೋಡಿದ.

"ಒಂಬತ್ತೂಕಾಲು ಆಗಿರ್ಬೇಕು."

ಪಿಕಪ್ಪು ತಿರುವಿನಲ್ಲಿ ಮರೆಯಾಯಿತು. ಅವಳು ಗಾಡಿ ಹತ್ತಿದಳು. ಸ್ವಲ್ಪ ಮುಂದೆ, ಮರ ಕಡಿದ ಬಿಸಿಲಿನ ಜಾಗ ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಣಿವೆಯಾಚೆ ಸಿದ್ದಿಯ ತುದಿ ಬೆರಳುಗುರಿನಷ್ಟು ಕಾಣುತ್ತಿತ್ತು: ನಿಂತ ಗಾಡಿಗಳು, ಕಿತ್ತಳೆಯ ಒಂದು ಚುಕ್ಕೆ. ಬೇಡ ಎಂದುಕೊಂಡೂ ನೋಡುತ್ತ ಕೂತಳು. ಪಿಕಪ್ಪು ಹೋಗಿ ಚುಕ್ಕೆಯ ಪಕ್ಕ ನಿಂತಿತು. ಬಹಳ ಹೊತ್ತು ನಿಂತಿತು. ಅದು ಮುಂದೆ ಹೋದ ಮೇಲೂ ಚುಕ್ಕೆ ಇದ್ದಲ್ಲೇ ಇತ್ತು. ಆಮೇಲೆ ಅದು ಕುಗ್ಗಿ ರಸ್ತೆಯ ಮೇಲೇ ಕೂತಿತು. ಗಾಡಿಗಳು ಹಾರನ್ ಹೊಡೆಯತೊಡಗಿದವು, ಸದ್ದು ಕಣಿವೆ ದಾಟಿ ಸಣ್ಣಗೆ ಬಂತು. ಚುಕ್ಕೆ ಏಳಲಿಲ್ಲ. ಹಾರನ್ ಇನ್ನೂ ಹೆಚ್ಚಿತು. ಸಿದ್ದಿ ಇತ್ತ ನೋಡುತ್ತಿದ್ದರೆ ಈ ಬಿಳಿ ಗಾಡಿ ಅವಳಿಗೂ ಕಾಣುತ್ತಿತ್ತು. ಕೆಂಚ ನಿಂತು ಟವೆಲು ಬೀಸುತ್ತಿದ್ದ ಜಾಗದಲ್ಲೇ ಇದು ನಿಂತಿತ್ತು. ಆದರೆ ಸಿದ್ದಿ ಇತ್ತ ನೋಡುತ್ತಿರಲಿಲ್ಲ. ಇನ್ನು ಮುಂದೆ ಬುತ್ತಿ ಹೊತ್ತಿನಲ್ಲೂ ಅವಳು ಇತ್ತ ನೋಡಲಾರಳು. ಮಾಳವಿಕಾಳಿಗೆ ಅಳಬೇಕೆನ್ನಿಸಿತು, ಅಳುವುದಕ್ಕೂ ತನಗೆ ಹಕ್ಕಿಲ್ಲವೆನ್ನಿಸಿತು. ಗ್ಲಾಸು ಏರಿಸಿದಳು. ಹಾರನ್ ಕೇಳಿಸುವುದು ನಿಂತಿತು. ಮೊದಲ ಪೀರಿಯಡ್ ಏಳನೆಯ ತರಗತಿಗೆ ಇತ್ತು.